ಶಿಸ್ತಿಲ್ಲ ಎಂದು ಬರೆದವರಿಗೆ

ಮಧುಮೇಹದ ಅಂಚಿನಲ್ಲಿರುವವರ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಯಿಲೆಯ ಬಗ್ಗೆ ಏನನ್ನೂ ಕೇಳಿಲ್ಲ. ಎಷ್ಟು ನಡೆಯಬೇಕು, ಏನು ಉಣ್ಣಬೇಕು, ಎಷ್ಟು ಹೊತ್ತಿಗೆ ಮಲಗಬೇಕು ಎಂಬುದು ಎಲ್ಲರಿಗೂ ಗೊತ್ತಿದೆ; ಗೊತ್ತಿದ್ದದ್ದನ್ನು ದಿನವೂ ಮಾಡಲು ಆಗುತ್ತಿಲ್ಲ, ತಮ್ಮಲ್ಲಿ ಶಿಸ್ತೇ ಇಲ್ಲ ಎಂಬುದು ಹೆಚ್ಚುಕಡಿಮೆ ಎಲ್ಲರ ಕೊರಗು. ಇಪ್ಪತ್ತೈದು ವರ್ಷಗಳಿಂದ ರೋಗಿಗಳ ಬಾಯಲ್ಲಿ ಇದೇ ಮಾತನ್ನು ಕೇಳುತ್ತ ಬಂದಿರುವ ನನಗೆ ಈ ರೋಗನಿದಾನದ ಮೇಲೆಯೇ ನಂಬಿಕೆ ಹೊರಟುಹೋಗಿದೆ. ಏಕೆಂಬುದನ್ನು ಉತ್ತರಗಳಲ್ಲಿ ಹೇಳಿದ್ದೇನೆ. ಪತ್ರಗಳನ್ನು ಸ್ವಲ್ಪ ಮೊಟಕುಗೊಳಿಸಿ, ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಶಿಕ್ಷಕ, ವಯಸ್ಸು 46. ಕಳೆದ ವರ್ಷ ರಕ್ತ ಪರೀಕ್ಷೆ ಮಾಡಿಸಿದಾಗ, ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.2 ಬಂತು. ಸದ್ಯಕ್ಕೆ ಮಾತ್ರೆ ಬೇಡ, ದಿನಕ್ಕೆ 45 ನಿಮಿಷ ನಡೆಯಿರಿ ಎಂದು ವೈದ್ಯರು ಹೇಳಿದರು. ಅಂದಿನಿಂದ ಐದು ಸಲ ಶುರು ಮಾಡಿದ್ದೇನೆ. ಒಮ್ಮೆ ಮಳೆ ಹಿಡಿದು ನಿಂತಿತು, ಒಮ್ಮೆ ಭಾವಮೈದುನನ ಮದುವೆ, ಒಮ್ಮೆ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನ. ಯುಗಾದಿಯ ದಿನ ಎರಡೂವರೆ ಸಾವಿರದ ಶೂ ಕೊಂಡು, ಬೆಳಿಗ್ಗೆ ಐದಕ್ಕೆ ಅಲಾರಂ ಇಟ್ಟು, ಹನ್ನೊಂದು ದಿನ ತಪ್ಪದೆ ನಡೆದೆ. ಹನ್ನೆರಡನೆಯ ದಿನ ಏಳಲಾಗಲಿಲ್ಲ. ಆಮೇಲೆ ಶೂ ಮತ್ತೆ ಡಬ್ಬ ಸೇರಿತು. ರಾತ್ರಿ ಮಲಗುವಾಗ ಹನ್ನೊಂದೂವರೆ ಆಗುತ್ತದೆ. ಮನೆಯಲ್ಲಿ ‘ನಿಮ್ಮದು ಬರೀ ಆರಂಭಶೂರತ್ವ’ ಎಂದು ನಗುತ್ತಾರೆ. ಮನಸ್ಸಿನ ಬಲ ಬೆಳೆಸಿಕೊಳ್ಳುವುದು ಹೇಗೆ?
— ದಾವಣಗೆರೆ

ಉತ್ತರ: ಮೇಷ್ಟ್ರೇ, ನಿಮ್ಮ ಸರ್ವಿಸ್ ಎಷ್ಟು ವರ್ಷದ್ದೆಂದು ನೀವು ಬರೆದಿಲ್ಲ, ಇಪ್ಪತ್ತು ವರ್ಷವಾದರೂ ಆಗಿರಬಹುದು ಎಂದಿಟ್ಟುಕೊಳ್ಳುತ್ತೇನೆ. ಈ ಇಪ್ಪತ್ತು ವರ್ಷಗಳಲ್ಲಿ ಪ್ರಾರ್ಥನೆಯ ಗಂಟೆ ಹೊಡೆದಾಗ ನೀವು ಶಾಲೆಯಲ್ಲಿ ಇಲ್ಲದಿದ್ದ ದಿನಗಳು ಬಹಳ ಇರಲಾರವು. ಮಳೆ ಸುರಿದಾಗಲೂ ಹೋಗಿದ್ದೀರಿ, ಮದುವೆಮನೆಯಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದ ಮರುದಿನವೂ ಹೋಗಿದ್ದೀರಿ. ಇಂಥವರು ತಮ್ಮಲ್ಲಿ ಶಿಸ್ತಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಶಾಲೆಗೆ ಹೋಗಲು ನೀವು ಮನಸ್ಸಿನ ಬಲವನ್ನು ಖರ್ಚು ಮಾಡುವುದೇ ಇಲ್ಲ ಎಂಬುದನ್ನು ಗಮನಿಸಿ. ಅಲ್ಲಿ ಗಂಟೆ ಇದೆ, ಹಾಜರಿ ಪುಸ್ತಕ ಇದೆ, ಕಾದು ಕೂತ ನಲವತ್ತು ಮಕ್ಕಳಿದ್ದಾರೆ, ಹೋಗದಿದ್ದರೆ ರಜೆ ಚೀಟಿ ಬರೆಯಬೇಕು. ನಡಿಗೆಗೆ ಇವುಗಳಲ್ಲಿ ಒಂದೂ ಇಲ್ಲ; ಬೆಳಗಿನ ಐದು ಗಂಟೆಗೆ ಕಣ್ಣು ಬಿಟ್ಟಾಗ ಮನಸ್ಸು ಹೇಗಿರುತ್ತದೋ ಅದರ ಮೇಲೆ ಇಡೀ ಯೋಜನೆಯನ್ನು ನಿಲ್ಲಿಸಿದ್ದೀರಿ. ಆ ಹೊತ್ತಿನಲ್ಲಿ ಯಾರ ಮನಸ್ಸೂ ಒಳ್ಳೆಯ ಸಲಹೆ ಕೊಡುವುದಿಲ್ಲ.

ಹನ್ನೆರಡನೆಯ ದಿನ ಏನಾಯಿತು ಎಂಬುದನ್ನು ಗಣಿತದವರಾದ ನೀವೇ ಲೆಕ್ಕ ಹಾಕಬಹುದಿತ್ತು. ಹನ್ನೊಂದೂವರೆಗೆ ಮಲಗಿ ಐದಕ್ಕೆ ಎದ್ದರೆ ಐದೂವರೆ ಗಂಟೆ ನಿದ್ದೆ. ವಯಸ್ಕರಿಗೆ ಕಡಿಮೆಯೆಂದರೂ ಏಳು ಗಂಟೆ ಬೇಕು. ದಿನಕ್ಕೆ ಒಂದೂವರೆ ಗಂಟೆಯಂತೆ ಹನ್ನೊಂದು ದಿನಕ್ಕೆ ಹದಿನಾರೂವರೆ ಗಂಟೆಯ ಸಾಲವಾಯಿತು. ಹನ್ನೆರಡನೆಯ ದಿನ ದೇಹ ವಸೂಲಿಗೆ ಬಂದು ಬಾಗಿಲು ಬಡಿಯಿತು. ಅದನ್ನು ನೀವು ಸೋಮಾರಿತನವೆಂದು ಬರೆದುಕೊಂಡಿರಿ. ಅಷ್ಟೇ ಅಲ್ಲ, ನಿದ್ದೆ ಕಡಿಮೆಯಾದಷ್ಟೂ ಇನ್ಸುಲಿನ್ ಕೆಲಸ ಕುಂದುತ್ತದೆ, ಹಸಿವು ಹೆಚ್ಚುತ್ತದೆ. ಸಕ್ಕರೆಯನ್ನು ಇಳಿಸಲೆಂದು ನಿದ್ದೆಯನ್ನು ಕತ್ತರಿಸಿ ನಡೆಯುವುದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಆದ್ದರಿಂದ ಬೆಳಗಿನ ಐದು ಗಂಟೆಯನ್ನು ಸದ್ಯಕ್ಕೆ ಮರೆತುಬಿಡಿ. ಸಂಜೆ ಶಾಲೆಯಿಂದ ಬಂದು ಚಪ್ಪಲಿ ಬಿಡುವ ಜಾಗದಲ್ಲೇ ಆ ಎರಡೂವರೆ ಸಾವಿರದ ಶೂ ಇರಲಿ. ಡಬ್ಬವನ್ನು ರದ್ದಿಗೆ ಹಾಕಿ. ಬ್ಯಾಗ್ ಇಟ್ಟು, ನೀರು ಕುಡಿದು, ಒಳಗೆ ಹೋಗಿ ಕುರ್ಚಿಯಲ್ಲಿ ಕೂರುವ ಮೊದಲೇ ಶೂ ಹಾಕಿಕೊಂಡು ಹೊರಡಿ. ಈ ಅನುಕ್ರಮ ಮುಖ್ಯ. ನಿಮ್ಮ ಊರಿನಲ್ಲಿ ಚಹಾ ಒಂದೇ ಬರುವುದಿಲ್ಲ, ಅದರ ಹಿಂದೆಯೇ ಮಂಡಕ್ಕಿ, ಮಿರ್ಚಿಯ ತಟ್ಟೆಯೂ ಬರುತ್ತದೆ; ಒಮ್ಮೆ ಅದರ ಮುಂದೆ ಕೂತವರನ್ನು ಎಬ್ಬಿಸುವ ಶಕ್ತಿ ಯಾವ ವೈದ್ಯರ ಮಾತಿಗೂ ಇಲ್ಲ. ಮೊದಲು ನಡಿಗೆ, ಆಮೇಲೆ ಚಹಾ ಎಂದು ಗೊತ್ತು ಮಾಡಿಕೊಂಡರೆ ನಾಲ್ಕು ವಾರದೊಳಗೆ ಚಹಾದ ನೆನಪೇ ನಿಮ್ಮನ್ನು ಬಾಗಿಲಿಗೆ ತಳ್ಳತೊಡಗುತ್ತದೆ. ಮೊದಲ ವಾರ ಹದಿನೈದು ನಿಮಿಷ ಸಾಕು. ರಾತ್ರಿ ಊಟವಾದ ಮೇಲೆ ಇನ್ನೊಂದು ಹತ್ತು ನಿಮಿಷ ಓಣಿಯಲ್ಲೋ ತಾರಸಿಯ ಮೇಲೋ ಅಡ್ಡಾಡಿದರೆ ಇನ್ನೂ ಒಳ್ಳೆಯದು. ಊಟದಿಂದ ಏರುವ ಸಕ್ಕರೆಯನ್ನು ಕಾಲಿನ ಸ್ನಾಯುಗಳು ಅಲ್ಲಿಯೇ ಬಳಸಿಕೊಳ್ಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷಗಳ ಚುರುಕು ನಡಿಗೆಯಂಥ ಚಟುವಟಿಕೆ. 45 ನಿಮಿಷವನ್ನು ಮೊದಲ ದಿನವೇ ಮುಟ್ಟಬೇಕೆಂಬ ಹಟದಿಂದಲೇ ಅರ್ಧದಷ್ಟು ಜನ ಬೀಳುತ್ತಾರೆ ಎಂಬುದು ನನ್ನ ಅನುಭವ. ‘ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಇನ್ನು 21 ದಿನ ಮಾಡಿದರೆ ಯಾವುದೇ ಅಭ್ಯಾಸ ಕೂತುಬಿಡುತ್ತದೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಅದರ ಮೂಲ 1960ರಲ್ಲಿ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್ ಬರೆದ ಮಾತು. ಮುಖದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಕನ್ನಡಿಯಲ್ಲಿ ತಮ್ಮ ಹೊಸ ಮುಖ ಒಗ್ಗಲು ಸುಮಾರು 21 ದಿನವಾದರೂ ಹಿಡಿಯುತ್ತದೆ ಎಂದು ಆತ ಗಮನಿಸಿದ್ದರು. ಮುಖ ಒಗ್ಗುವುದಕ್ಕೂ ನಸುಕಿನಲ್ಲಿ ಎದ್ದು ನಡೆಯುವುದಕ್ಕೂ ಏನು ಸಂಬಂಧವೋ ನನಗೆ ತಿಳಿಯದು. ಇದನ್ನು ನಿಜವಾಗಿ ಅಳೆದು ನೋಡಿದ ಅಧ್ಯಯನವೊಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಿಂದ 2010ರಲ್ಲಿ ಪ್ರಕಟವಾಯಿತು. 96 ಜನರನ್ನು ಹನ್ನೆರಡು ವಾರ ಗಮನಿಸಿದಾಗ, ಯೋಚಿಸದೆಯೇ ಆಗುವ ಮಟ್ಟಕ್ಕೆ ಅಭ್ಯಾಸ ಬರಲು ನಡುಮಟ್ಟದವರಿಗೆ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನ ಬೇಕೆಂದು ಲೆಕ್ಕ ತೋರಿಸಿತು. ಒಂದು ಲೋಟ ನೀರು ಕುಡಿಯುವಂಥದ್ದು ಬೇಗ ಕೂರುತ್ತದೆ, ವ್ಯಾಯಾಮ ನಿಧಾನ. ನಿಮ್ಮ ವಿಷಯದಲ್ಲಿ ಮುಖ್ಯವಾದದ್ದು ಅದರ ಇನ್ನೊಂದು ಫಲಿತಾಂಶ: ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ.

ನಿಮ್ಮ ಮಳೆ, ಮದುವೆ, ಮೌಲ್ಯಮಾಪನ ಎಲ್ಲವೂ ನ್ಯಾಯವಾದ ಕಾರಣಗಳೇ, ಮುಂದೆಯೂ ಬರುತ್ತವೆ. ಶುರು ಮಾಡುವುದು ನಿಮಗೆ ಚೆನ್ನಾಗಿ ಬರುತ್ತದೆ, ಐದು ಸಲ ಮಾಡಿ ತೋರಿಸಿದ್ದೀರಿ. ನಿಂತದ್ದಕ್ಕೆ ಮರಳುವ ದಾರಿಯನ್ನು ಮಾತ್ರ ನೀವು ಮೊದಲೇ ಗೊತ್ತು ಮಾಡಿಕೊಂಡಿರಲಿಲ್ಲ. ಒಂದು ದಿನ ತಪ್ಪಿದ ಕೂಡಲೇ ‘ಬರುವ ಸೋಮವಾರದಿಂದ’, ‘ಒಂದನೆಯ ತಾರೀಕಿನಿಂದ’, ‘ಹಬ್ಬ ಕಳೆದ ಮೇಲೆ’ ಎಂದು ಮನಸ್ಸು ಮುಹೂರ್ತ ಹುಡುಕತೊಡಗುತ್ತದೆ. ಮುಹೂರ್ತ ಬೇಡ. ಮೌಲ್ಯಮಾಪನ ಮುಗಿದ ದಿನವೇ, ಎಷ್ಟು ಆಯಾಸವಾಗಿದ್ದರೂ, ಐದು ನಿಮಿಷ ಶೂ ಹಾಕಿ ಓಣಿಯ ತುದಿಯವರೆಗೆ ಹೋಗಿ ಬನ್ನಿ. ಆ ದಿನದ ನಡಿಗೆಗೆ ಅದಕ್ಕಿಂತ ದೊಡ್ಡ ಗುರಿ ಇರಬಾರದು. ಮಳೆಯ ದಿನ ಮನೆಯೊಳಗೆ ಮೆಟ್ಟಿಲು ಹತ್ತಿ ಇಳಿಯುವುದೆಂದು ಈಗಲೇ ಬರೆದಿಟ್ಟುಕೊಳ್ಳಿ.

ಇದರಿಂದ ಏನು ಲಾಭ ಎನ್ನುವಿರಾ? 6.2 ಎಂದರೆ ನೀವಿನ್ನೂ ಮಧುಮೇಹಿಯಲ್ಲ, 5.7ರಿಂದ 6.4ರವರೆಗಿನ ಅಂಚಿನ ಪಟ್ಟಿಯಲ್ಲಿದ್ದೀರಿ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಈ ಅಂಚಿನಲ್ಲಿರುವವರು 13 ಕೋಟಿ 60 ಲಕ್ಷ ಮಂದಿ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ನಡಿಗೆ ಮತ್ತು ಆಹಾರದ ಬದಲಾವಣೆಯಿಂದ ಮಧುಮೇಹಕ್ಕೆ ಜಾರುವವರ ಪ್ರಮಾಣ ಶೇ. 58ರಷ್ಟು ತಗ್ಗಿತ್ತು. ಚೆನ್ನೈನಲ್ಲಿ 531 ಜನರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆ ಲಾಭ ಶೇ. 28.5. ನಮ್ಮವರಲ್ಲಿ ಅಂಕಿ ಚಿಕ್ಕದಾಗಿ ಕಂಡರೂ, ಅದೇ ಪ್ರಯೋಗದಲ್ಲಿ ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟ ಲಾಭ ಶೇ. 26.4 ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನವಾದ್ದರಿಂದ ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಕಥೆಯನ್ನು ಹೇಳುತ್ತದೆ. ನಡಿಗೆ ಹಿಡಿದು ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ, ಅದಕ್ಕಿಂತ ಮೊದಲು ಆತುರ ಬೇಡ.

ಪ್ರಶ್ನೆ: ನನಗೆ 38 ವರ್ಷ. ತೋಟದ ಮನೆ, ಅತ್ತೆ, ಮಾವ, ಯಜಮಾನರು, ಇಬ್ಬರು ಮಕ್ಕಳು. ಬೆಳಿಗ್ಗೆ ಐದಕ್ಕೆ ಎದ್ದರೆ ಕೊಟ್ಟಿಗೆ, ದೋಸೆ, ಮಕ್ಕಳ ಡಬ್ಬಿ, ಕೆಲಸದವರಿಗೆ ಆಸರಿ (ಚಹಾ, ತಿಂಡಿ) ಎಂದು ಹತ್ತು ಗಂಟೆಯಾಗುತ್ತದೆ. ಶಿಬಿರದಲ್ಲಿ ಕಲಿತ ಇಪ್ಪತ್ತು ನಿಮಿಷದ ಯೋಗಾಸನ ಮಾಡಲು ಚಾಪೆ ಹಾಸಿದರೆ ಸಾಕು, ಯಾರಾದರೂ ಕರೆಯುತ್ತಾರೆ. ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನು ಚೆಲ್ಲಲು ಮನಸ್ಸಾಗದೆ ನಾನೇ ತಿನ್ನುತ್ತೇನೆ. ನಾಲ್ಕು ವರ್ಷದಲ್ಲಿ ಒಂಬತ್ತು ಕೆ.ಜಿ. ಹೆಚ್ಚಾಗಿದೆ. ‘ದಿನವಿಡೀ ಮನೆಯಲ್ಲೇ ಇರುವವಳಿಗೆ ಇಪ್ಪತ್ತು ನಿಮಿಷ ಸಿಗುವುದಿಲ್ಲವೇ’ ಎಂದು ಯಜಮಾನರು ಕೇಳಿದಾಗ ನನ್ನಲ್ಲೇ ಏನೋ ಕೊರತೆಯಿದೆ ಎನ್ನಿಸುತ್ತದೆ.
— ಶಿರಸಿ

ಉತ್ತರ: ಸಹೋದರಿ, ಈ ಉತ್ತರದ ಅರ್ಧ ನಿಮಗೆ, ಅರ್ಧ ನಿಮ್ಮ ಯಜಮಾನರಿಗೆ, ಪತ್ರಿಕೆಯನ್ನು ಈ ಪುಟ ತೆರೆದು ಅವರ ಚಹಾದ ಲೋಟದ ಪಕ್ಕದಲ್ಲಿಡಿ. ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿಯು 2019ರಲ್ಲಿ ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ದೇಶದಾದ್ಯಂತ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಅದನ್ನು ಮಾಡುವ ಗಂಡಸರು 97 ನಿಮಿಷ. ‘ಮಾಡುವ ಗಂಡಸರು’ ಎಂಬುದನ್ನು ಒತ್ತಿ ಓದಬೇಕು, ಮಾಡದವರೇ ಹೆಚ್ಚು. ದಿನವೂ ಐದು ಗಂಟೆ ಹೊತ್ತು ಬೇರೆಯವರ ಕರೆಗೆ ಓಗೊಡುವವರನ್ನು ಶಿಸ್ತಿಲ್ಲದವರೆಂದು ಯಾವ ಬಾಯಿಂದ ಹೇಳುವುದು? ನಿಮಗೆ ಬೇಕಾಗಿರುವುದು ಮನೋಬಲವಲ್ಲ, ಚಿಲಕ ಹಾಕಿದ ಒಂದು ಬಾಗಿಲು.

ನಾನಿದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ನನ್ನ ಬಳಿ ಬರುವ ಒಬ್ಬ ಗೃಹಿಣಿ ಮೂರು ವರ್ಷದ ಹಿಂದೆ ತಮ್ಮ ಮನೆಯ ಉಗ್ರಾಣದಲ್ಲಿ, ಅಕ್ಕಿಯ ಮೂಟೆಗೂ ತೆಂಗಿನಕಾಯಿಯ ರಾಶಿಗೂ ನಡುವೆ, ಒಂದು ಚಾಪೆ ಹಿಡಿಸುವಷ್ಟು ಜಾಗ ಮಾಡಿಕೊಂಡರು. ಒಳಗಿನಿಂದ ಚಿಲಕ. ಹೊರಗೆ ಬಾಗಿಲ ಬಳಿ ಸ್ಟೂಲಿನ ಮೇಲೆ ಹಳೆಯ ಕೀ ಕೊಡುವ ಅಲಾರಂ ಗಡಿಯಾರ. ಅದು ಹೊಡೆಯುವವರೆಗೆ ಬಾಗಿಲು ತಟ್ಟಬಾರದು ಎಂದು ಮಕ್ಕಳಿಗೆ ಹೇಳಿದರು. ಮೊದಲ ವಾರ ಮಕ್ಕಳು ಗಡಿಯಾರದ ಮುಳ್ಳನ್ನು ಮುಂದಕ್ಕೆ ತಿರುಗಿಸಿದ್ದೂ ಉಂಟು. ಎರಡನೆಯ ತಿಂಗಳಲ್ಲಿ ಅತ್ತೆಯವರೇ ‘ಅವಳ ಗಂಟೆ ಇನ್ನೂ ಆಗಿಲ್ಲ’ ಎಂದು ಬಂದವರಿಗೆ ಹೇಳತೊಡಗಿದರಂತೆ.

ನಿಮಗೆ ಬೆಳಗಿನ ಹೊತ್ತು ಆಗದು. ಮಧ್ಯಾಹ್ನ ಊಟದ ಪಾತ್ರೆ ತೊಳೆದು ಎಲ್ಲರೂ ಅಡ್ಡಾಗಿ, ಊಟವಾಗಿ ಎರಡು ಗಂಟೆ ಕಳೆದ ಮೇಲೆ, ಮೂರೂವರೆಯ ಸುಮಾರಿಗೆ ಇಟ್ಟುಕೊಳ್ಳಿ. ಸಂಜೆಯ ಆಸರಿಯ ಹೊತ್ತಿನವರೆಗೆ ಕರೆ ಬಂದರೆ ಯಾರು ಓಗೊಡಬೇಕು ಎಂಬುದನ್ನು ಮನೆಯಲ್ಲಿ ಎಲ್ಲರ ಮುಂದೆ ಮೊದಲೇ ತೀರ್ಮಾನಿಸಿ. ಯಜಮಾನರೇ, ಆ ಇಪ್ಪತ್ತು ನಿಮಿಷ ನೀವು. ಮನೆಗೆಲಸವೇ ವ್ಯಾಯಾಮವಲ್ಲವೇ ಎಂದು ಕೇಳುವವರಿಗೆ ಒಂದು ಮಾತು: ಓಡಾಟದ ಲೆಕ್ಕಕ್ಕೆ ಅದು ಸೇರುತ್ತದೆ, ಆದರೆ ಗಂಟೆಗಟ್ಟಲೆ ಬಗ್ಗಿ ಮಾಡುವ ಕೆಲಸದಿಂದ ಹಿಡಿದುಕೊಂಡ ಬೆನ್ನು ಮತ್ತು ಕತ್ತನ್ನು ಸಡಿಲಿಸುವುದಿಲ್ಲ, ಎಲ್ಲ ಸ್ನಾಯುಗಳಿಗೂ ಬಲ ಕೊಡುವುದಿಲ್ಲ. ಸ್ನಾಯು ಬಲಪಡಿಸುವ ವ್ಯಾಯಾಮ ವಾರಕ್ಕೆ ಎರಡು ದಿನವಾದರೂ ಇರಬೇಕು.

ತಟ್ಟೆಯಲ್ಲಿ ಉಳಿದದ್ದರ ವಿಷಯ. ಅನ್ನ ಚೆಲ್ಲಬಾರದೆಂಬ ಸಂಸ್ಕಾರ ದೊಡ್ಡದು, ಅದನ್ನು ಬಿಡಿ ಎನ್ನಲಾರೆ. ಮಕ್ಕಳಿಗೆ ಮೊದಲು ಅರ್ಧವೇ ಬಡಿಸಿ, ಕೇಳಿದರೆ ಮತ್ತೆ ಬಡಿಸಿ, ಉಳಿಯುವುದೇ ಕಡಿಮೆಯಾಗುತ್ತದೆ. ಉಳಿದದ್ದಕ್ಕೆ ನಿಮ್ಮ ಕೊಟ್ಟಿಗೆಯಲ್ಲಿ ಅಕ್ಕಚ್ಚಿನ ಬಾನಿ ಇದ್ದೇ ಇದೆ. ನೀವೂ ಅದೊಂದು ಬಾನಿಯಾಗಬೇಕಿಲ್ಲ.

ಪ್ರಶ್ನೆ: ನನಗೆ 71 ವರ್ಷ, ನಿವೃತ್ತ ಅಧಿಕಾರಿ. ಮೂವತ್ತು ವರ್ಷಗಳಿಂದ ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು, ತಣ್ಣೀರು ಸ್ನಾನ ಮಾಡಿ, ಒಂದೂವರೆ ಗಂಟೆ ಯೋಗಾಭ್ಯಾಸ ಮಾಡುತ್ತಿದ್ದೇನೆ. ಒಂದು ದಿನವೂ ತಪ್ಪಿಲ್ಲ. ‘ಹತ್ತು ನಿಮಿಷ ಸಾಕು, ಹದಿನೈದು ನಿಮಿಷ ಸಾಕು’ ಎಂದು ಬರೆಯುವ ನಿಮ್ಮಂಥ ವೈದ್ಯರಿಂದಲೇ ಈಗಿನವರು ಸಡಿಲವಾಗಿದ್ದಾರೆ. ನನ್ನ ಮಗನಿಗೆ 41, ಕಂಪನಿಯಿಂದ ಬರುವುದು ರಾತ್ರಿ ಒಂಬತ್ತು, ಏಳುವುದು ಬೆಳಿಗ್ಗೆ ಎಂಟು. ಅವನನ್ನು ನಮ್ಮ ಶಾಸ್ತ್ರೋಕ್ತ ದಿನಚರಿಗೆ ಒಂದೇ ಸಲಕ್ಕೆ ತರುವುದು ಹೇಗೆ? ಯೋಗದ ಫಲವಾಗಿ ನನ್ನ ಬಿಪಿ 130/80 ಇದೆ, ಮಾತ್ರೆಯನ್ನು ಬೇಕೆನಿಸಿದ ದಿನ ಮಾತ್ರ ತೆಗೆದುಕೊಳ್ಳುತ್ತೇನೆ.
— ಮೈಸೂರು

ಉತ್ತರ: ಹಿರಿಯರಾದ ತಮ್ಮ ಮೂವತ್ತು ವರ್ಷಗಳ ನಿಷ್ಠೆಗೆ ನಮಸ್ಕಾರ. ಶಾಸ್ತ್ರವನ್ನು ತಾವು ಎತ್ತಿದ್ದರಿಂದ ನಾನೂ ಅಲ್ಲಿಂದಲೇ ಉತ್ತರಿಸುತ್ತೇನೆ. ಆಯುರ್ವೇದದ ಹಳೆಯ ಗ್ರಂಥವಾದ ವಾಗ್ಭಟನ ಅಷ್ಟಾಂಗಹೃದಯದಲ್ಲಿ ದಿನಚರಿಯ ಅಧ್ಯಾಯ ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂಬ ಮಾತಿನಿಂದಲೇ ಆರಂಭವಾಗುತ್ತದೆ, ನಿಜ. ಆದರೆ ಅಲ್ಲಿ ಏಳಬೇಕಾದವನು ‘ಸ್ವಸ್ಥ’, ಅಂದರೆ ಆರೋಗ್ಯವಂತ. ಅದೇ ಅಧ್ಯಾಯ ವ್ಯಾಯಾಮದ ಬಗ್ಗೆ ಹೇಳುವಾಗ, ಬಲಿಷ್ಠನಾಗಿ ಜಿಡ್ಡಿನ ಊಟ ಉಣ್ಣುವವನು ಕೂಡ ಚಳಿಗಾಲ ಮತ್ತು ವಸಂತದಲ್ಲಿ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕು, ಉಳಿದ ಕಾಲದಲ್ಲಿ ಅದಕ್ಕಿಂತಲೂ ಕಡಿಮೆ ಎನ್ನುತ್ತದೆ. ಮುಂದೆ ಏಳನೆಯ ಅಧ್ಯಾಯದಲ್ಲಿ ತಮ್ಮ ಪ್ರಶ್ನೆಗೆ ನೇರ ಉತ್ತರವಿದೆ: ರೂಢಿಯಾಗಿಬಿಟ್ಟ ಅಪಥ್ಯವನ್ನು ಕಾಲು ಕಾಲು ಭಾಗವಾಗಿ, ಬೇಕಾದರೆ ಕಾಲಿನಲ್ಲೂ ಕಾಲು ಭಾಗವಾಗಿ ಬಿಡಬೇಕು, ಹಿತವಾದದ್ದನ್ನೂ ಹಾಗೆಯೇ ನಡುನಡುವೆ ದಿನಗಳ ಅಂತರ ಕೊಟ್ಟು ಹಿಡಿಯಬೇಕು, ಏಕಾಏಕಿ ಬಿಟ್ಟರೂ ಹಿಡಿದರೂ ಅದರಿಂದಲೇ ವಿಕಾರಗಳು ಹುಟ್ಟುತ್ತವೆ. ಚರಕನ ಅಭಿಪ್ರಾಯವೂ ಇದೇ. ಹತ್ತು ನಿಮಿಷ ಸಾಕೆಂದು ಬರೆಯುವ ನನ್ನ ಸಡಿಲತನಕ್ಕೆ ಇಷ್ಟು ಹಳೆಯ ಆಧಾರ ಸಿಕ್ಕಿದ್ದು ನನಗೂ ಸಮಾಧಾನ.

ರಾತ್ರಿ ಒಂಬತ್ತಕ್ಕೆ ಬರುವ ಮಗ ಊಟ ಮಾಡಿ ಮಲಗುವ ಹೊತ್ತಿಗೆ ಹನ್ನೆರಡು ಆಗುತ್ತದೆ ಎಂದಿಟ್ಟುಕೊಂಡರೂ, ಎಂಟಕ್ಕೆ ಏಳುವುದು ಸೋಮಾರಿತನವಲ್ಲ, ಎಂಟು ಗಂಟೆಯ ನಿದ್ದೆ. ಅವರನ್ನು ಬೆಳಿಗ್ಗೆ ನಾಲ್ಕೂವರೆಗೆ ಎಬ್ಬಿಸುವ ಬದಲು ರಾತ್ರಿಯನ್ನು ಹಿಂದಕ್ಕೆಳೆಯಿರಿ. ವಾರಕ್ಕೆ ಹದಿನೈದು ನಿಮಿಷದಂತೆ ಮಲಗುವ ಹೊತ್ತು ಹಿಂದೆ ಬಂದರೆ ಎರಡು ತಿಂಗಳಿಗೆ ಎರಡು ಗಂಟೆ ಉಳಿಯುತ್ತದೆ. ಇದನ್ನೂ ತಾವು ಹೇಳಿ ಮಾಡಿಸುವುದಕ್ಕಿಂತ, ಭಾನುವಾರ ಸಂಜೆ ಕುಕ್ಕರಹಳ್ಳಿ ಕೆರೆಯ ದಂಡೆಗೆ ‘ನನ್ನ ಜೊತೆಗೆ ಬಾ’ ಎಂದು ಕರೆದುಕೊಂಡು ಹೋಗುವುದು ಒಳ್ಳೆಯದು. ದಾರಿಯಲ್ಲಿ ಮಾತ್ರ ದಿನಚರಿಯ ಉಪದೇಶ ಬೇಡ. ನಲವತ್ತೊಂದರ ಮಗ ಅದನ್ನು ಸಾಕಷ್ಟು ಕೇಳಿರುತ್ತಾರೆ.

ತಮ್ಮ ಪತ್ರದ ಕೊನೆಯ ಸಾಲು ನನಗೆ ಮಗನ ವಿಷಯಕ್ಕಿಂತ ಹೆಚ್ಚು ಆತಂಕ ತಂದಿತು. ಬಿಪಿ ಏರಿದ್ದು ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ತಲೆನೋವಿಲ್ಲ, ತಲೆಸುತ್ತಿಲ್ಲ, ಏನೂ ಇಲ್ಲ. ಹಾಗಿರುವಾಗ ಮಾತ್ರೆ ‘ಬೇಕೆನಿಸುವುದು’ ಯಾವ ಆಧಾರದ ಮೇಲೆ? 130/80 ಇರುವುದು ಯೋಗದಿಂದಲೋ ಆಗೀಗ ನುಂಗಿದ ಮಾತ್ರೆಯಿಂದಲೋ ಎಂಬುದನ್ನು ಒಂದು ದಿನದ ಅಳತೆ ಹೇಳಲಾರದು. ಯೋಗದಿಂದ ಬಿಪಿ ಕೊಂಚ ಇಳಿಯುವುದು ಉಂಟು. ಮಾತ್ರೆಯನ್ನು ತಗ್ಗಿಸಬಹುದೇ ಎಂಬುದನ್ನು ಒಂದು ವಾರ ದಿನಕ್ಕೆರಡು ಸಲ ಅಳೆದು ಬರೆದುಕೊಂಡು ಹೋಗಿ ತಮ್ಮ ವೈದ್ಯರ ಮುಂದಿಟ್ಟು ಕೇಳಿ, ಅಲ್ಲಿಯವರೆಗೆ ಒಂದು ದಿನವೂ ತಪ್ಪಿಸಬೇಡಿ. ಬೆಳಗಿನ ಮಾತ್ರೆಯಾದರೆ ಅದರ ಪಟ್ಟಿಯನ್ನು ಕಾಫಿ ಫಿಲ್ಟರಿನ ಪಕ್ಕದಲ್ಲಿಡಿ. ಮೈಸೂರಿನವರು ಮಾತ್ರೆಯನ್ನು ಮರೆತಾರು, ಡಿಕಾಕ್ಷನ್ ಮರೆಯಲಾರರು.

ಪ್ರಶ್ನೆ: ನಾನು ರಾತ್ರಿ ಓಡುವ ಖಾಸಗಿ ಬಸ್ಸಿನ ಚಾಲಕ, 34 ವರ್ಷ. ವಾರದಲ್ಲಿ ಐದು ರಾತ್ರಿ ಬೆಂಗಳೂರಿಗೆ ಹೋಗುವುದು ಬರುವುದು. ನಿದ್ದೆ ಬಾರದಿರಲೆಂದು ಶುರುವಾದ ತಂಬಾಕು, ಅಡಿಕೆ ಈಗ ದಿನಕ್ಕೆ ಎಂಟು ಚೀಟಿಗೆ ಬಂದಿದೆ. ಮಗಳ ಮೇಲೆ ಆಣೆ ಮಾಡಿ ಮೂರು ಸಲ ಬಿಟ್ಟೆ, ಮೂರೂ ಸಲ ನಾಲ್ಕನೆಯ ದಿನ ಸೋತೆ. ಎಲ್ಲರಿಗೂ ಬೆಳಿಗ್ಗೆ ಎದ್ದು ಇದು ಮಾಡಿ ಅದು ಮಾಡಿ ಎನ್ನುತ್ತೀರಿ. ಬೆಳಿಗ್ಗೆ ಮಲಗುವವರು ಏನು ಮಾಡಬೇಕು?
— ವಿಜಯಪುರ

ಉತ್ತರ: ನಿಮ್ಮ ಕೊನೆಯ ವಾಕ್ಯ ನಮ್ಮಂಥ ಅಂಕಣಕಾರರಿಗೆ ತಕ್ಕ ಪೆಟ್ಟು. ಗಡಿಯಾರ ನಿಮಗೆ ಕೆಲಸಕ್ಕೆ ಬಾರದು. ನಿಮ್ಮ ದಿನದಲ್ಲಿ ಎಂದೂ ಬದಲಾಗದ ಕೆಲಸಗಳು ಯಾವುವು ಎಂದು ನೋಡಿಕೊಳ್ಳಿ. ಬಸ್ ನಿಲ್ಲಿಸಿ ಕೀಲಿ ಒಪ್ಪಿಸುವುದು, ಸ್ನಾನ, ನಿದ್ದೆಯಿಂದ ಎದ್ದ ಮೇಲಿನ ಮೊದಲ ಊಟ, ನಡುರಾತ್ರಿ ಢಾಬಾದ ಮುಂದೆ ನಿಲ್ಲುವ ಇಪ್ಪತ್ತು ನಿಮಿಷ, ಇವು ನಿಮ್ಮ ಗಂಟೆಗಳು. ನಡಿಗೆಯನ್ನು ಎದ್ದ ಮೇಲಿನ ಊಟಕ್ಕೆ ಕಟ್ಟಿ. ಹಗಲು ಮಲಗುವ ಕೋಣೆಗೆ ಒಂದು ದಪ್ಪ ಕಪ್ಪು ಪರದೆ ಹಾಕಿಸಿ, ಆ ಹೊತ್ತಿನಲ್ಲಿ ಫೋನ್ ಮನೆಯವರ ಕೈಯಲ್ಲಿರಲಿ. ಇಷ್ಟಕ್ಕೇ ನಿದ್ದೆ ಒಂದು ಗಂಟೆಯಾದರೂ ಹೆಚ್ಚಿದ್ದನ್ನು ಪಾಳಿ ಕೆಲಸದವರಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ತಂಬಾಕು ಬೇರೆ ಜಾತಿಯದು, ಅದನ್ನು ನಡಿಗೆ, ನಿದ್ದೆಗಳ ಸಾಲಿನಲ್ಲಿ ನಿಲ್ಲಿಸಿ ಶಿಸ್ತಿನ ಮಾತಾಡಬಾರದು. ನಿಕೋಟಿನ್ ಬಿಟ್ಟಾಗ ಆಗುವ ಚಡಪಡಿಕೆ, ಸಿಟ್ಟು, ತಲೆನೋವು ಮೊದಲ ಮೂರು ನಾಲ್ಕು ದಿನಗಳಲ್ಲೇ ಎಲ್ಲಕ್ಕಿಂತ ಹೆಚ್ಚಿದ್ದು, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಮೂರೂ ಸಲ ನೀವು ಸೋತದ್ದು ಏರು ಮುಗಿಯುತ್ತ ಬಂದಿದ್ದ ಜಾಗದಲ್ಲಿ. ಇದು ದೇಹದ ರಸಾಯನ, ಮಗಳ ಮೇಲಿನ ಪ್ರೀತಿಯ ಅಳತೆಯಲ್ಲ. ದಯವಿಟ್ಟು ಇನ್ನು ಆಣೆ ಮಾಡಬೇಡಿ. ಈ ಸಲ ಬಿಡುವ ದಿನವನ್ನು ಸತತ ಮೂರು ನಾಲ್ಕು ದಿನ ರಜೆ ಸಿಗುವಾಗ ಇಟ್ಟುಕೊಳ್ಳಿ, ಮೊದಲ ದಿನಗಳು ಸ್ಟೀರಿಂಗ್ ಹಿಂದೆ ಕಳೆಯದಿರಲಿ. ವೈದ್ಯರನ್ನು ಕೇಳಿ ನಿಕೋಟಿನ್ ಗಮ್ ಅಥವಾ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಯ ಸಹಾಯ ಪಡೆಯಿರಿ. ಬಯಕೆ ಎದ್ದಾಗ ಅದು ಕೆಲವೇ ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ; ಆ ನಿಮಿಷಗಳಿಗೆ ಡ್ಯಾಶ್‌ಬೋರ್ಡ್ ಮೇಲೆ ಲವಂಗ, ಸೋಂಪಿನ ಡಬ್ಬಿ ಇರಲಿ. ತಂಬಾಕು ಬಿಟ್ಟು ಬರೀ ಅಡಿಕೆಗೆ ಬರುತ್ತೇನೆ ಎಂಬ ರಾಜಿ ಬೇಡ, ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಸರ್ಕಾರದ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿದರೆ ತಂಬಾಕು ಬಿಡುವವರಿಗೆ ಮಾತಿನ ನೆರವು ಸಿಗುತ್ತದೆ.

ನಿದ್ದೆಗೆ ತಂಬಾಕು ಬದಲಿಯಲ್ಲ ಎಂಬುದು ನಿಮಗೂ ಗೊತ್ತು. ರೆಪ್ಪೆ ಭಾರವಾದಾಗ ಬಸ್ ಬದಿಗೆ ಹಾಕಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚುವುದೇ ಮದ್ದು. ಮಾಲೀಕರು ಒಪ್ಪುವುದಿಲ್ಲ ಎಂದು ನೀವು ಹೇಳಬಹುದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿದ್ದು ಚಾಲಕರು ಮನುಷ್ಯರೆಂಬ ಕಾರಣಕ್ಕೇ. ದೂರದ ದಾರಿಗೆ ಇಬ್ಬರು ಚಾಲಕರನ್ನು ಕೇಳುವುದನ್ನು ನೀವೊಬ್ಬರೇ ಅಲ್ಲ, ನಿಮ್ಮ ಸಂಗಡಿಗರೆಲ್ಲ ಸೇರಿ ಮಾಡಬೇಕು.

ಪ್ರಶ್ನೆ: ದಿನಕ್ಕೆ 10,000 ಹೆಜ್ಜೆ ಹಾಕಲೇಬೇಕೇ? ಅದನ್ನು ಎಣಿಸುವ ವಾಚ್ ಕೊಂಡರೆ ಶಿಸ್ತು ಬರುತ್ತದೆಯೇ? ನನಗೆ 63 ವರ್ಷ.
— ಉಡುಪಿ

ಉತ್ತರ: ಹತ್ತು ಸಾವಿರದ ಸಂಖ್ಯೆ 1965ರಲ್ಲಿ ಜಪಾನಿನ ಒಂದು ಕಂಪನಿ ಮಾರಾಟಕ್ಕೆ ತಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು, ‘ಮಾನ್ಪೊ-ಕೆ’ ಎಂದರೆ ಹತ್ತು ಸಾವಿರ ಹೆಜ್ಜೆಗಳ ಅಳತೆಗಾರ. ವೈದ್ಯರು ಲೆಕ್ಕ ಹಾಕಿ ಕೊಟ್ಟ ಪ್ರಮಾಣವಲ್ಲ. ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ 16,741 ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ಹಾಕಿದವರಲ್ಲೇ 2,700 ಹಾಕಿದವರಿಗಿಂತ ಸಾವಿನ ಪ್ರಮಾಣ ಕಡಿಮೆಯಿತ್ತು. 7,500ರ ಆಚೆಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಈಗ ಎಷ್ಟು ನಡೆಯುತ್ತಿದ್ದೀರೋ ಅದಕ್ಕೆ ಸಾವಿರ ಹೆಜ್ಜೆ ಸೇರಿಸಿ, ಒಗ್ಗಿದ ಮೇಲೆ ಇನ್ನೊಂದು ಸಾವಿರ. ವಾಚ್ ಕೊಳ್ಳುವ ಆಸೆಯಿದ್ದರೆ ಖಂಡಿತ ಕೊಳ್ಳಿ, ಮೊದಲ ತಿಂಗಳು ಅದು ಹುರುಪು ಕೊಡುತ್ತದೆ. ಅದನ್ನು ತಪ್ಪದೆ ಚಾರ್ಜಿಗೆ ಹಾಕುವ ಅಭ್ಯಾಸ ಹೇಗೆ ಬೆಳೆಸಿಕೊಳ್ಳುವುದೆಂದು ಕೇಳಿ ಬಂದ ಪತ್ರವೂ ನನ್ನ ಮೇಜಿನ ಮೇಲಿದೆ, ಅದಕ್ಕೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.